ನೂರಕ್ಕೆ ಎಪ್ಪತ್ತು ಪೈಸೆಯ ಮಾತು

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ. ಶಾಲೆಯಲ್ಲಿ ಹಂಚುತ್ತಿದ್ದ ಗೋಧಿ ರವೆಯ ಉಪ್ಪಿಟ್ಟನ್ನೂ ಬಿಸಿನೀರಿನಲ್ಲಿ ಕದಡಿದ ಹಾಲಿನ ಪುಡಿಯನ್ನೂ ಅವರು ಮರೆತಿರಲಾರರು. ಅಮೆರಿಕವು 1954ರಲ್ಲಿ ಮಾಡಿದ ಪಿ.ಎಲ್. 480 ಎಂಬ ಕಾನೂನಿನ ಅಡಿಯಲ್ಲಿ ಹಡಗೇರಿ ಬಂದ ಆಹಾರವದು. ಅದನ್ನು ಹಂಚಿದವರಲ್ಲಿ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಸಂಸ್ಥೆಯೂ ಇತ್ತು. ಹಸಿದ ಮಕ್ಕಳು ಉಂಡರೆಂಬುದು ನಿಜ. ಅದನ್ನು ಅಲ್ಲಗಳೆದರೆ ಕೃತಘ್ನತೆಯಾದೀತು. ಆದರೆ ಆ ನಾಡಿನ ಹೆಚ್ಚುವರಿ ಬೆಳೆಗೆ ದಾರಿ ಕಾಣಿಸುವುದೂ ಆ ಕಾನೂನಿನ ಉದ್ದೇಶವಾಗಿತ್ತು. ಬರಗಾಲದ 1965-66ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಗೋಧಿಯ ಹಡಗುಗಳನ್ನು ಅಳೆದು ಅಳೆದು ಬಿಟ್ಟರು. ನಮ್ಮ ಕೃಷಿನೀತಿಯೂ, ವಿಯೆಟ್ನಾಂ ಯುದ್ಧದ ಬಗ್ಗೆ ನಾವಾಡಿದ ಮಾತುಗಳೂ ಆ ತಕ್ಕಡಿಯಲ್ಲಿ ತೂಗಲ್ಪಟ್ಟವು.

ಕೊಡುವವರ ಮನಸ್ಸು ತಿರುಗಿದರೆ ಉಣ್ಣುವವರ ಪಾಡೇನು? ನೆರವನ್ನು ದಯೆಗೆ ಬಿಡದೆ ಕರ್ತವ್ಯವೆಂದು ಎಣಿಸಬೇಕೆಂಬ ವಿಚಾರ ಅದಕ್ಕೂ ಮುಂಚಿನದು. ಶ್ರೀಮಂತ ರಾಷ್ಟ್ರಗಳು ತಮ್ಮ ವರಮಾನದ ಶೇ. 1ರಷ್ಟನ್ನು ಬಡ ರಾಷ್ಟ್ರಗಳಿಗೆ ನೀಡಬೇಕೆಂದು 1958ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಗಳ ಮುಂದಿಟ್ಟದ್ದು ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್. ಈ ಅಳತೆಗೋಲು ಅರ್ಥಶಾಸ್ತ್ರಜ್ಞರಿಗಿಂತ ಮೊದಲು ಧರ್ಮಸಭೆಗಳ ಕೈಯಲ್ಲಿ ರೂಪುಗೊಂಡಿತೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಖಾಸಗಿ ಬಂಡವಾಳದ ಮೇಲೆ ಸರ್ಕಾರಗಳಿಗೆ ಹಿಡಿತವಿಲ್ಲವಾದ್ದರಿಂದ ಸರ್ಕಾರಿ ನೆರವಿಗೇ ಬೇರೊಂದು ಗುರಿ ಬೇಕಾಯಿತು. ಕೆನಡಾದ ಮಾಜಿ ಪ್ರಧಾನಿ ಲೆಸ್ಟರ್ ಪಿಯರ್ಸನ್ ಅವರ ಆಯೋಗ 1969ರಲ್ಲಿ ಶೇ. 0.7 ಎಂದಿತು, 1970ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆ ಅದನ್ನು ಒಪ್ಪಿತು. ನೂರು ರೂಪಾಯಿಗೆ ಎಪ್ಪತ್ತು ಪೈಸೆ, ಅಷ್ಟೇ! ಸ್ವೀಡನ್, ನೆದರ್‌ಲೆಂಡ್ಸ್, ನಾರ್ವೆ, ಡೆನ್ಮಾರ್ಕ್ ದೇಶಗಳು ಆ ದಶಕದಲ್ಲಿಯೇ ಮಾತು ಉಳಿಸಿಕೊಂಡವು. ಅಮೆರಿಕವಂತೂ ಈ ಗುರಿಗೆ ಎಂದೂ ಕಟ್ಟುಬೀಳಲಿಲ್ಲ.

ಇದೇ ಕಾಲದ ಇನ್ನೊಂದು ಕರೆ ನಮ್ಮ ನೆಲದಿಂದಲೇ ಹೊರಟಿತು. 1964ರ ಡಿಸೆಂಬರ್‌ನಲ್ಲಿ ಪರಮಪ್ರಸಾದ ಸಮ್ಮೇಳನಕ್ಕಾಗಿ ಬೊಂಬಾಯಿಗೆ ಆಗಮಿಸಿದ ಜಗದ್ಗುರು ಆರನೇ ಪೌಲರು, ಶಸ್ತ್ರಾಸ್ತ್ರಗಳಿಗೆ ಸುರಿಯುವ ಹಣದ ಒಂದು ಭಾಗವನ್ನಾದರೂ ಬಡವರಿಗಾಗಿ ಒಂದು ವಿಶ್ವನಿಧಿಗೆ ಒಪ್ಪಿಸಿರೆಂದು ರಾಷ್ಟ್ರಗಳನ್ನು ಬೇಡಿಕೊಂಡರು. 1967ರ ವಿಶ್ವಪರಿಪತ್ರದಲ್ಲಿ ಅದನ್ನೇ ಮತ್ತೆ ನೆನಪಿಸಿದರು.

ಈಗ ನಡೆದಿರುವುದು ಅದರ ತಿರುವುಮುರುವು. ಬ್ರಿಟನ್ 2013ರಲ್ಲಿ ಎಪ್ಪತ್ತು ಪೈಸೆಯ ಗುರಿ ಮುಟ್ಟಿತು, 2015ರಲ್ಲಿ ಅದನ್ನು ಕಾನೂನನ್ನಾಗಿಯೂ ಮಾಡಿತು. 2021ರಲ್ಲಿ ಅದು ಐವತ್ತಕ್ಕಿಳಿಯಿತು. 2027ರ ವೇಳೆಗೆ ಮೂವತ್ತು ಪೈಸೆಗೆ ಇಳಿಸಿ, ಉಳಿದುದನ್ನು ರಕ್ಷಣಾ ವೆಚ್ಚಕ್ಕೆ ತಿರುಗಿಸುವುದಾಗಿ 2025ರ ಫೆಬ್ರವರಿಯಲ್ಲಿ ಸಾರಲಾಯಿತು. ಬಡವರ ಅನ್ನದ ಪಾಲು ಮದ್ದುಗುಂಡಿನ ಲೆಕ್ಕಕ್ಕೆ! ಕೆನಡಿಯವರು 1961ರಲ್ಲಿ ಕಟ್ಟಿದ ಯು.ಎಸ್. ಏಡ್ ಸಂಸ್ಥೆ 2025ರ ಜುಲೈ 1ರಂದು ಮುಚ್ಚಿಹೋಯಿತು. ಒಂದು ಕಾಲಕ್ಕೆ ನಮ್ಮ ಊರುಗಳಿಗೆ ಗೋಧಿ ಹಂಚಿದ ಆ ಕ್ಯಾಥೊಲಿಕ್ ಸಂಸ್ಥೆಯೂ ನೌಕರರನ್ನು ಮನೆಗೆ ಕಳುಹಿಸಬೇಕಾಯಿತು. ಸಿರಿವಂತ ದಾನಿ ರಾಷ್ಟ್ರಗಳೆಲ್ಲ ಸೇರಿ 2024ರಲ್ಲಿ ಕೊಟ್ಟದ್ದು ಸುಮಾರು 21,200 ಕೋಟಿ ಡಾಲರ್. ನೂರಕ್ಕೆ ಮೂವತ್ಮೂರು ಪೈಸೆ.

ಹೋಗಲಿ, ನೆರವಿನ ಹಂಗಿಲ್ಲದೆ ಬಡ ದೇಶಗಳು ತಮ್ಮ ಕಾಲ ಮೇಲೆ ನಿಲ್ಲಲಿ ಎನ್ನುವಿರಾ? ಭಾರತ ಹಾಗೆ ನಿಂತಿತು. 2003ರಲ್ಲಿ ಸಣ್ಣ ದಾನಿ ರಾಷ್ಟ್ರಗಳಿಗೆ ನಾವೇ ಸಾಕೆಂದೆವು. 1964ರಿಂದಲೂ ಇತರ ದೇಶಗಳವರಿಗೆ ನಾವೇ ತರಬೇತಿ ನೀಡುತ್ತಲೂ ಬಂದಿದ್ದೇವೆ. ಆದರೆ ಎಲ್ಲರಿಗೂ ನಮ್ಮಷ್ಟು ದೊಡ್ಡ ನೆಲವಿಲ್ಲ, ತೆರಿಗೆಯ ಬಲವಿಲ್ಲ. ಆರೋಗ್ಯಕ್ಕೋ ಶಿಕ್ಷಣಕ್ಕೋ ವ್ಯಯಿಸುವುದಕ್ಕಿಂತ ಸಾಲದ ಬಡ್ಡಿಗೇ ಹೆಚ್ಚು ತೆರುವ ದೇಶಗಳಲ್ಲಿ ಇಂದು ಮುನ್ನೂರು ಕೋಟಿಗೂ ಅಧಿಕ ಜನರಿದ್ದಾರೆ. ಅಂಥವರಿಗೆ ಸ್ವಾವಲಂಬನೆಯನ್ನು ಬೋಧಿಸುವ ಮೊದಲು ಬಡ್ಡಿಯನ್ನು ತಗ್ಗಿಸಬೇಡವೇ?

2025ರ ಜೂನ್ ಕೊನೆಯಲ್ಲಿ ಸ್ಪೇನಿನ ಸೆವಿಲ್ಲೆ ನಗರದಲ್ಲಿ ರಾಷ್ಟ್ರಗಳು ಸೇರಿದ್ದು ಈ ಮಾತಿಗಾಗಿಯೇ. ವರ್ಷಕ್ಕೆ 4 ಲಕ್ಷ ಕೋಟಿ ಡಾಲರ್‌ಗಳ ಕೊರತೆಯಿದೆಯೆಂದು ಅಲ್ಲಿ ಲೆಕ್ಕ ಹಾಕಲಾಯಿತು. ಸಾಲಗಾರ ದೇಶಗಳು ಒಟ್ಟಾಗಿ ದನಿಯೆತ್ತಲು ಒಂದು ವೇದಿಕೆಗೆ ಒಪ್ಪಿಗೆಯೂ ದೊರೆಯಿತು. ಅಮೆರಿಕ ಮಾತ್ರ ಆ ಸಮ್ಮೇಳನಕ್ಕೆ ಮುಂಚೆಯೇ ಹೊರನಡೆದಿತ್ತು. ಬೊಂಬಾಯಿಯಲ್ಲಿ ಕೇಳಿದ ವಿಶ್ವನಿಧಿಯನ್ನು ಜಗದ್ಗುರು ಫ್ರಾನ್ಸಿಸರು 2020ರಲ್ಲಿ ಮತ್ತೊಮ್ಮೆ ಕೇಳಿದರು. ಅದಕ್ಕೆ ಇಂದಿಗೂ ಯಾವ ರಾಷ್ಟ್ರವೂ ತನ್ನ ಶಸ್ತ್ರವೆಚ್ಚದಿಂದ ಪಾಲು ತೆಗೆದಿಟ್ಟಿಲ್ಲ.