ಗಾನವೃಂದದ ನಗೆ: ಗೋಕಾಕ ಸೀಮೆಯಿಂದ ಒಂದು ಪಾಠ

ಕೊಣ್ಣೂರು ಎಂದೊಡನೆ ಹಲವರಿಗೆ ನೆನಪಾಗುವುದು ಸಮೀಪದ ಗೋಕಾಕ ಜಲಪಾತ ಮತ್ತು 1885ರಲ್ಲಿ ಸ್ಥಾಪನೆಗೊಂಡ ಗೋಕಾಕ ಗಿರಣಿ. ಆದರೆ ಕನ್ನಡ ರಂಗಭೂಮಿಯ ಚರಿತ್ರೆ ಬಲ್ಲವರಿಗೆ ಈ ಊರಿನ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಿವಮೂರ್ತಿಸ್ವಾಮಿ ಕಣಬರ್ಗಿಮಠರು ನಡೆಸಿದ ನಾಟಕ ಮಂಡಳಿಯನ್ನು ಜನ 'ಕೊಣ್ಣೂರು ಕಂಪನಿ' ಎಂದೇ ಕರೆದರು. ಆ ಕಾಲದ ಕಂಪನಿ ನಾಟಕಗಳಲ್ಲಿ ನಟರೆಲ್ಲರೂ ಸೇರಿ ಹಾಡುವ ನಾಂದಿಯಿಂದ ಆಟ ಆರಂಭವಾಗುತ್ತಿತ್ತು. ಗಂಭೀರ ದೃಶ್ಯಗಳ ನಡುವೆ ಹಾಸ್ಯದ ಪ್ರವೇಶಗಳು ಬರುತ್ತಿದ್ದವು. ಭಕ್ತಿ ಮತ್ತು ನಗೆ ಒಂದೇ ರಂಗದ ಮೇಲೆ, ಒಂದೇ ರಾತ್ರಿಯಲ್ಲಿ, ಜಗಳವಿಲ್ಲದೆ ಬಾಳುತ್ತಿದ್ದವು.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವಿದೆ. ಕ್ರಿಸ್ತಜಯಂತಿಯ ಸಂಜೆಗೋ ಧರ್ಮಕೇಂದ್ರದ ವಾರ್ಷಿಕೋತ್ಸವಕ್ಕೋ ಗಾನವೃಂದಗಳು ಕಾರ್ಯಕ್ರಮ ಸಿದ್ಧಪಡಿಸುವಾಗ 'ಒಂದು ನಗೆಹಾಡೂ ಇರಲಿ' ಎಂಬ ಮಾತು ಬಂದೇ ಬರುತ್ತದೆ. ಉಳಿದ ಹಾಡುಗಳನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡುವವರು ಈ ಒಂದನ್ನು ಮಾತ್ರ ಕೊನೆಯ ವಾರದಲ್ಲಿ ಆತುರದಿಂದ ಆರಿಸುತ್ತಾರೆ. ನಗೆ ಹಗುರವಾದುದು, ಆದ್ದರಿಂದ ಅದರ ಆಯ್ಕೆಯೂ ಹಗುರವಾದುದು ಎಂಬ ಭಾವನೆಯೇ ಇದರ ಮೂಲ. ಚರಿತ್ರೆ ಹೇಳುವುದು ಬೇರೆಯೇ.

ಪಶ್ಚಿಮದ ವೃಂದಗಾನದಲ್ಲಿ ಹಾಸ್ಯಕೃತಿಗಳ ಪರಂಪರೆ ಹಳೆಯದು. ಅದರಲ್ಲಿ ಹೆಚ್ಚು ಪ್ರಸಿದ್ಧವಾದುದನ್ನು ರಚಿಸಿದವರು ಒಬ್ಬ ಸನ್ಯಾಸಿ ಎಂಬುದು ಅನೇಕರಿಗೆ ಅಚ್ಚರಿಯೆನಿಸಬಹುದು. ಇಟಲಿಯ ಬೊಲೋನ್ಯದ ಅದ್ರಿಯಾನೊ ಬಂಕಿಯೇರಿ (1568–1634) ಒಲಿವೇತಾನ್ ಪಂಗಡದ ಬೆನೆಡಿಕ್ಟೈನ್ ಮಠವಾಸಿ. ತಪಸ್ಸುಕಾಲಕ್ಕೆ ಮುಂಚಿನ ಗುರುವಾರದ ರಾತ್ರಿಯ ವಿನೋದಕ್ಕಾಗಿ ಅವರು 1608ರಲ್ಲಿ ಪ್ರಕಟಿಸಿದ ಗೀತಮಾಲೆಯಲ್ಲಿ ಪ್ರಾಣಿಗಳ ಒಂದು ಹಾಡಿದೆ. ಮಂದ್ರಸ್ವರದ ಗಾಯಕರು ಲ್ಯಾಟಿನ್ ಸ್ತೋತ್ರದಂತೆ ಕೇಳಿಸುವ ಒಂದು ಸಾಲನ್ನು ಗಂಭೀರವಾಗಿ ಹಾಡುತ್ತಾರೆ. ಉಳಿದ ದನಿಗಳು ನಾಯಿ, ಬೆಕ್ಕು, ಕೋಗಿಲೆ ಮತ್ತು ಗೂಬೆಗಳಂತೆ ಕೂಗುತ್ತವೆ. ನಾನೂರು ವರ್ಷಗಳ ನಂತರವೂ ಲೋಕದ ನಾನಾ ಕಡೆ ವೃಂದಗಳು ಇದನ್ನು ಹಾಡುತ್ತಿವೆ, ಸಭೆಗಳು ನಗುತ್ತಿವೆ.

ಆದರೆ ಆ ಲ್ಯಾಟಿನ್ ಸಾಲಿನ ಅರ್ಥವನ್ನು ವಿಚಾರಿಸುವವರು ಕಡಿಮೆ. ಗೂನುಬೆನ್ನಿನವರನ್ನೂ ಕುಂಟರನ್ನೂ ನಂಬಲಾಗದು, ಮೆಳ್ಳಗಣ್ಣಿನವನೊಬ್ಬ ಒಳ್ಳೆಯವನಾಗಿದ್ದರೆ ಅದನ್ನು ಚರಿತ್ರೆಯಲ್ಲಿ ಬರೆದಿಡಬೇಕು ಎಂಬುದು ಅದರ ತಾತ್ಪರ್ಯ. ಬೆಕ್ಕು ನಾಯಿಗಳ ಕೂಗಿನಲ್ಲಿ ಯಾರಿಗೂ ನೋವಿಲ್ಲ. ಕೆಳಗೆ ಹರಿಯುವ ಗಂಭೀರ ಸಾಲಿನಲ್ಲಿದೆ. ಅಂದಿನ ಸಮಾಜದಲ್ಲಿ ಇಂತಹ ಮಾತು ಸಾಮಾನ್ಯವಾಗಿತ್ತು ಎಂದು ನಾವು ಬಂಕಿಯೇರಿಯನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಇಂದು ಅದೇ ಹಾಡನ್ನು ಆರಿಸುವ ಗಾಯನ ನಿರ್ದೇಶಕರು ಸಭೆಯ ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕುಳಿತವರನ್ನು ಮರೆಯಲಾಗದು. ಭಾಷೆ ತಿಳಿಯದು ಎಂಬುದು ಸಮಾಧಾನವಲ್ಲ; ಹಾಡುವವರಾದರೂ ತಾವು ಏನು ಹಾಡುತ್ತಿದ್ದೇವೆಂದು ತಿಳಿದಿರಬೇಕು.

ಈಗ ಗೋಕಾಕ ಸೀಮೆಗೆ ಮರಳೋಣ. ಈ ಭಾಗದ ಹೆಮ್ಮೆಯ ಕಲೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ರಚಿಸಿದ ಈ ಕೃತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬಯಲಾಟದ ರೂಪದಲ್ಲಿ ಬೆಳೆಸಿದವರು ಇದೇ ಸೀಮೆಯ ಕುಲಗೋಡ ತಮ್ಮಣ್ಣ; ಮುಂದೆ ಅದನ್ನು ಮನೆಮಾತಾಗಿಸಿದ ಕಲಾವಿದೆ ಕೌಜಲಗಿ ನಿಂಗಮ್ಮ. ನಾರದನು ತಂದ ಪಾರಿಜಾತ ಪುಷ್ಪ ರುಕ್ಮಿಣಿಯ ಪಾಲಾದಾಗ ಸತ್ಯಭಾಮೆಯ ಮನಸ್ಸಿನಲ್ಲಿ ಎದ್ದ ಬಿರುಗಾಳಿಯೇ ಇದರ ಕಥೆ. ಭಾಗವತನು ಹಾಡೆತ್ತುತ್ತಾನೆ, ಹಿಂದೆ ನಿಂತ ಮೇಳದವರು ಹಾರ್ಮೋನಿಯಂ, ತಬಲಾ, ತಾಳಗಳೊಡನೆ ಸಾಲಿನ ತುದಿಯನ್ನು ಎತ್ತಿಕೊಂಡು ಹಾಡುತ್ತಾರೆ. ನಮ್ಮ ನೆಲದ ಗಾನವೃಂದವೆಂದು ಇದನ್ನು ಕರೆಯಲು ಅಡ್ಡಿಯಿಲ್ಲ.

ಪಾರಿಜಾತದ ನಗೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಗಮನಿಸಬೇಕು. ಹಾಲು ಮೊಸರು ಮಾರಲು ಹೊರಟ ಗೊಲ್ಲತಿ ತನ್ನನ್ನು ತಡೆದವರಿಗೆ ಸರಿಸಾಟಿಯಾಗಿ ಉತ್ತರ ಕೊಡುತ್ತಾಳೆ. ಅರಮನೆಯ ದೂತಿ ಭಾಗವತನ ಮಾತಿಗೆ ಮಾತು ಜೋಡಿಸಿ ಅವನನ್ನೇ ಪೇಚಿಗೆ ಸಿಲುಕಿಸುತ್ತಾಳೆ. ಇಲ್ಲಿ ನಗಿಸುವವರು ದುಡಿಯುವ ಹೆಂಗಸರು. ನಗೆಗೆ ಗುರಿಯಾಗುವುದು ದೊಡ್ಡವರ ದೊಡ್ಡಸ್ತಿಕೆ. ಬಲವಿಲ್ಲದವರ ಕಡೆ ಬೆರಳು ತೋರಿಸಿ ನಗುವುದಕ್ಕೂ, ಬಲವಿಲ್ಲದವರೇ ಜಾಣ್ಮೆಯಿಂದ ನಗಿಸುವುದಕ್ಕೂ ಇರುವ ಅಂತರ ದೊಡ್ಡದು. ಬೈಬಲ್ ಓದಿದವರಿಗೂ ಈ ಅಂತರ ಹೊಸತಲ್ಲ. ಮುಪ್ಪಿನಲ್ಲಿ ಹಡೆದ ಸಾರಾಳ ಮಗ ಇಸಾಕನ ಹೆಸರಿನ ಅರ್ಥವೇ 'ನಗು' ಎಂದು. ಬಂಜೆಯೆನಿಸಿಕೊಂಡವಳ ಮನೆಯಲ್ಲಿ ಹುಟ್ಟಿದ ನಗು ಅದು.

ಹಾಗಾದರೆ ಗಾನವೃಂದಕ್ಕೆ ನಗೆಹಾಡನ್ನು ಆರಿಸುವ ಬಗೆ ಹೇಗೆ? ಮೊದಲನೆಯದು, ನಗು ಯಾರ ಖರ್ಚಿನಲ್ಲಿ ಎಂದು ಕೇಳಿಕೊಳ್ಳಬೇಕು. ಅಂಗವೈಕಲ್ಯ, ಜಾತಿ, ಮೈಬಣ್ಣ, ಹಳ್ಳಿಯ ಆಡುಮಾತು – ಇವುಗಳನ್ನು ಹಂಗಿಸುವ ಹಾಡು ಎಷ್ಟು ಇಂಪಾಗಿದ್ದರೂ ಬೇಡ. ಹಾಡುವವರು ತಮ್ಮನ್ನೇ ನಗೆಗೀಡುಮಾಡಿಕೊಳ್ಳುವ ಹಾಡು ಬಹುಮಟ್ಟಿಗೆ ನಿರಪಾಯ: ಅಭ್ಯಾಸಕ್ಕೆ ತಡವಾಗಿ ಬರುವವರು, ಶ್ರುತಿ ಬಿಟ್ಟು ಗಟ್ಟಿಯಾಗಿ ಹಾಡುವವರು ಎಲ್ಲ ವೃಂದಗಳಲ್ಲೂ ಇದ್ದಾರೆ.

ಎರಡನೆಯದು, ಮಾತು ಕೇಳಿಸಬೇಕು. ನಾಲ್ಕು ದನಿಗಳು ನಾಲ್ಕು ಮಾತನ್ನು ಒಮ್ಮೆಗೇ ಹಾಡಿದರೆ ಚಮತ್ಕಾರ ಕಳೆದುಹೋಗುತ್ತದೆ. ಪಾರಿಜಾತದಲ್ಲಿ ಒಬ್ಬರು ಸ್ಪಷ್ಟವಾಗಿ ಹೇಳಿದ ಮೇಲೆಯೇ ಮೇಳ ಅದನ್ನು ಎತ್ತಿಕೊಳ್ಳುತ್ತದೆ. ಆಸ್ಟ್ರಿಯಾದ ಎರ್ನ್ಸ್ಟ್ ಟಾಖ್ 1930ರಲ್ಲಿ ರಚಿಸಿದ 'ಭೂಗೋಳದ ಫ್ಯೂಗ್' ಎಂಬ ಕೃತಿಯಲ್ಲಿ ರಾಗವೇ ಇಲ್ಲ. ಊರು, ನದಿ, ದೇಶಗಳ ಹೆಸರುಗಳನ್ನು ಲಯಬದ್ಧವಾಗಿ ನುಡಿಯುವುದಷ್ಟೇ. ಅದರಲ್ಲಿಯೂ ಮೊದಲ ದನಿ ತನ್ನ ಸಾಲನ್ನು ಒಂಟಿಯಾಗಿ ನುಡಿದ ಮೇಲೆಯೇ ಉಳಿದವು ಒಂದೊಂದಾಗಿ ಸೇರುತ್ತವೆ. ಘಟಪ್ರಭೆಯ ದಂಡೆಯ ಊರುಗಳ ಹೆಸರುಗಳಿಂದ ನಮ್ಮ ಮಕ್ಕಳೂ ಇಂತಹದೊಂದನ್ನು ಕಟ್ಟಬಹುದು.

ಮೂರನೆಯದು, ಸ್ಥಳ ಮತ್ತು ಪ್ರಮಾಣ. ಟ್ರೆಂಟಿನ ಮಹಾಸಭೆ 1562ರಲ್ಲಿ ದೇವಾಲಯದ ಸಂಗೀತದಿಂದ ಅಶ್ಲೀಲವಾದುದನ್ನು ದೂರವಿಡಲು ವಿಧಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸ್ಥಳೀಯ ಜನರ ಸಂಗೀತ ಪರಂಪರೆಗೆ ಗೌರವ ಸಲ್ಲಬೇಕೆಂದಿತು. ಎರಡನ್ನೂ ಕೂಡಿಸಿ ನೋಡಿದರೆ ದಾರಿ ತಿಳಿಯುತ್ತದೆ. ಬಲಿಪೂಜೆಯಲ್ಲಿ ವಿನೋದಕ್ಕೆ ಎಡೆಯಿಲ್ಲ. ಅಂಗಳದ ರಂಗಕ್ಕೆ ನೆಲದ ನಗೆ ಬರಲಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದು, ಹೆಚ್ಚೆಂದರೆ ಎರಡು ನಗೆಹಾಡು ಸಾಕು. ಭಾರವಾದ ಹಾಡಿನ ನಂತರ ಸಭೆ ದಣಿದಿರುವಾಗ ಅದು ಬಂದರೆ ಮುಂದಿನ ಗಂಭೀರ ಹಾಡಿಗೆ ಕಿವಿಗಳು ಮತ್ತೆ ತೆರೆದುಕೊಳ್ಳುತ್ತವೆ.

ಕೊನೆಯದಾಗಿ, ನಗೆಹಾಡಿಗೂ ಪೂರ್ಣ ಅಭ್ಯಾಸ ಬೇಕು. ಹಾಡುವವರೇ ನಕ್ಕರೆ ಸಭೆ ನಗುವುದಿಲ್ಲ. ತಾಳ ತಪ್ಪಿದರೆ ವಿನೋದವೂ ತಪ್ಪುತ್ತದೆ. ರಾತ್ರಿಯಿಡೀ ಮೇಳ ಕಟ್ಟಿ ಹಾಡಿದ ಈ ಸೀಮೆಯ ಕಲಾವಿದರು ಗೊಲ್ಲತಿಯ ಹಾಸ್ಯಕ್ಕೂ ಸತ್ಯಭಾಮೆಯ ದುಃಖಕ್ಕೂ ಒಂದೇ ಶ್ರದ್ಧೆ ತೋರಿದರು. ಮುಂದಿನ ಕ್ರಿಸ್ತಜಯಂತಿಗೆ ನಮ್ಮ ಗಾನವೃಂದಗಳು ಹಾಡು ಆರಿಸಲು ಕುಳಿತಾಗ ಆ ಶ್ರದ್ಧೆಯಲ್ಲಿ ಒಂದು ಪಾಲನ್ನು ನಗೆಹಾಡಿಗೂ ಮೀಸಲಿಡಲಿ.