ಕುಸ್ವಾರು: ಹಬ್ಬಕ್ಕೆ ಮೊದಲೇ ಡಬ್ಬಿ ತುಂಬಿಸಿಡುವ ಲೆಕ್ಕಾಚಾರ

ನಮ್ಮ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆಯಲ್ಲಿ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಒಂದೇ ಹೆಸರು, ಕುಸ್ವಾರು. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು, ಆಮೇಲೆ ಕೇಕು. ಇದರಲ್ಲಿ ಒಂದನ್ನಾದರೂ ಹಬ್ಬದ ದಿನ ಬೆಳಿಗ್ಗೆ ಎದ್ದು ಮಾಡುವವರನ್ನು ನಾನು ಈವರೆಗೆ ನೋಡ್ಲಿಲ್ಲ. ಎಲ್ಲವೂ ಒಂದು ವಾರ, ಎರಡು ವಾರ ಮುಂಚೆ ಮಾಡಿ ಡಬ್ಬಿಗೆ ಹಾಕಿಡುವಂಥದ್ದು. ಈಗ ಮೊಬೈಲಿನಲ್ಲಿ "ಮೊದಲೇ ಮಾಡಿಟ್ಟು ಹಬ್ಬವನ್ನು ಸುಲಭ ಮಾಡಿಕೊಳ್ಳಿ" ಅಂತ ಹುಡುಗಿಯರು ಹೇಳಿಕೊಡ್ತಾರಲ್ಲ, ಅದನ್ನು ನಮ್ಮ ಅಜ್ಜಿಯಂದಿರು ಹೆಸರಿಡದೆ ಮಾಡಿಕೊಂಡು ಬಂದಿದ್ದಾರೆ. ಯಾಕೆ ಹಾಗೆ ಮಾಡಿದ್ರು, ಎಲ್ಲಿಂದ ಬಂತು ಇದು ಅಂತ ಹುಡುಕಿಕೊಂಡು ಹೋದ್ರೆ ದೊಡ್ಡ ಚರಿತ್ರೆಯೇ ಉಂಟು ಮಾರಾಯ್ರೆ.

ಹೆಸರಿನಿಂದಲೇ ಶುರು ಮಾಡುವ. ಪೋರ್ಚುಗೀಸ್ ಭಾಷೆಯಲ್ಲಿ 'ಕೊನ್ಸ್ವಾದ' ಅಂದ್ರೆ ಕ್ರಿಸ್ಮಸ್ ಹಿಂದಿನ ರಾತ್ರಿಯ ಊಟ, ಆ ಹೊತ್ತಿನ ಉಡುಗೊರೆ. ಅದೇ ಶಬ್ದ ಗೋವಾದ ಕೊಂಕಣಿಗೆ ಬಂದು, ನಮ್ಮ ಕಡೆಗೆ ಇಳಿಯುವಾಗ ಕುಸ್ವಾರು ಆಯ್ತು ಅಂತ ಹೇಳ್ತಾರೆ. ಇಳಿದದ್ದು ಶಬ್ದ ಮಾತ್ರ ಅಲ್ಲ, ಜನವೂ ಇಳಿದರು. 1560ರಲ್ಲಿ ಗೋವಾದಲ್ಲಿ ಇನ್ಕ್ವಿಸಿಶನ್ ಅಂತ ಧರ್ಮದ ವಿಚಾರಣೆಯ ಕೋರ್ಟು ಶುರುವಾಯ್ತು. ಹೊಸದಾಗಿ ಕ್ರಿಶ್ಚಿಯನ್ ಆದವರು ಹಳೆ ಪದ್ಧತಿ ಬಿಟ್ಟಿದ್ದಾರಾ ಇಲ್ವಾ ಅಂತ ನೋಡುವುದೇ ಅದರ ಕೆಲಸ. ಆ ಕಿರಿಕಿರಿ ಒಂದು ಕಡೆ, ಮರಾಠರ ದಾಳಿ, ತೆರಿಗೆ, ಬರಗಾಲ ಇನ್ನೊಂದು ಕಡೆ. ನೂರಾರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಜನ ಕೆನರಾ ಕಡೆಗೆ ಬಂದು ಗದ್ದೆ ಹಿಡಿದರು.

ಆ ಕೋರ್ಟಿನವರು ಅಡುಗೆಮನೆಯನ್ನೂ ಬಿಡಲಿಲ್ಲ. 1736ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಹಿಂದೂಗಳ ಹಾಗೆ ಉಪ್ಪು ಹಾಕದೆ ಅನ್ನ ಬೇಯಿಸಿ ಆಮೇಲೆ ಉಪ್ಪು ಹಾಕಿಕೊಳ್ಳಬಾರದು ಅಂತಲೂ ಇತ್ತು. ಅನ್ನಕ್ಕೆ ಯಾವಾಗ ಉಪ್ಪು ಹಾಕಬೇಕು ಅಂತ ಸರಕಾರ ಹೇಳುವುದು ಅಂದ್ರೆ ಯೋಚನೆ ಮಾಡಿ! ಇಷ್ಟೆಲ್ಲ ಆದರೂ ನೆವ್ರಿ ಉಳಿಯಿತು. ನೆವ್ರಿ ಅಂದ್ರೆ ಎಂತದು? ನಿಮ್ಮ ಕರ್ಜಿಕಾಯಿಯೇ. ಗೋವಾದ ಹಿಂದೂಗಳು ಇವತ್ತಿಗೂ ಚೌತಿಗೆ ಅದನ್ನು ಮಾಡ್ತಾರೆ. ಗಣಪತಿಯ ತಟ್ಟೆಯಲ್ಲಿದ್ದದ್ದು ಬಾಲಯೇಸುವಿನ ಹಬ್ಬಕ್ಕೂ ಬಂತು, ಅಷ್ಟೇ. ದೇವರನ್ನು ಬದಲಾಯಿಸಲಿಕ್ಕೆ ಪಾದ್ರಿಗಳಿಂದ ಆಯ್ತು, ನೆವ್ರಿಯ ಒಳಗಿನ ಎಳ್ಳು, ಕಾಯಿ, ಏಲಕ್ಕಿಯನ್ನು ಬದಲಾಯಿಸಲಿಕ್ಕೆ ಆಗಲಿಲ್ಲ ಅಂತ ನನಗೆ ಕಾಣ್ತದೆ. ಗೇರುಬೀಜ ಮಾತ್ರ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು.

ಇಲ್ಲಿ ಬಂದ ಮೇಲೂ ನೆಮ್ಮದಿ ಇರಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರಿಶ್ಚಿಯನ್ನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಹಿಡಿದು ಕೊಂಡುಹೋದ. 1799ರಲ್ಲಿ ಅವನು ಸತ್ತ ಮೇಲೆ ಉಳಿದವರು ತಿರುಗಿ ಬಂದರು. ಬಂದವರಲ್ಲಿ ಎಷ್ಟೋ ಜನರಿಗೆ ಮೊದಲಿನ ಭೂಮಿ ಸಿಗಲಿಲ್ಲ. ಗೇಣಿಗೆ ಗದ್ದೆ ಮಾಡಿದರು. ಈ ಗೇಣಿಯ ವಿಷಯ ಹಬ್ಬದ ತಿಂಡಿಗೆ ಬಹಳ ಹತ್ತಿರದ ಸಂಬಂಧ ಇರುವಂಥದ್ದು. ನಮ್ಮ ಅಜ್ಜಿಯ ಮನೆಯವರೂ ಗೇಣಿದಾರರೇ. ಬೆಳೆ ಬಂದ ಮೇಲೆ ಧಣಿಯ ಮನೆಗೆ ಅಕ್ಕಿ ಮುಡಿ ಕಟ್ಟಿ ಹೊತ್ತು ಹಾಕಬೇಕು. ಒಂದು ಮುಡಿಗೆ 42 ಸೇರು. ಅದನ್ನೆಲ್ಲ ಅಳೆದು ಕೊಟ್ಟು ಉಳಿದದ್ದು ಮನೆಗೆ. ಆ ಉಳಿದದ್ದರಲ್ಲಿ ವರ್ಷದ ಊಟ ಆಗಬೇಕು, ಹಬ್ಬವೂ ಆಗಬೇಕು. "ಮುಡಿ ಹೋದ ಮೇಲೆ ಕಳಸೆ ನೋಡಿ, ಕಳಸೆ ನೋಡಿ ಗುಳಿಯೊ" ಅಂತ ಅಜ್ಜಿ ಹೇಳುತ್ತಿದ್ದರು. ಎಷ್ಟು ಅಕ್ಕಿ ಉಳಿದಿದೆ ಅಂತ ನೋಡಿದ ಮೇಲೆಯೇ ಎಷ್ಟು ತಿಂಡಿ ಅಂತ ತೀರ್ಮಾನ.

ಹಾಗಾಗಿ ಕುಸ್ವಾರಿನ ತಟ್ಟೆಯನ್ನು ಸ್ವಲ್ಪ ಗಮನ ಇಟ್ಟು ನೋಡಿದ್ರೆ ಯಾವುದು ಬಡವರ ತಿಂಡಿ, ಯಾವುದು ಆಮೇಲೆ ಸೇರಿದ್ದು ಅಂತ ಗೊತ್ತಾಗ್ತದೆ. ಗುಳಿಯೊ, ಚಕ್ಕುಲಿ, ಲಾಡು, ಇವೆಲ್ಲ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಳ್ಳಿನಲ್ಲಿ ಆಗುವಂಥದ್ದು. ಹೊಲ, ಹಿತ್ತಿಲು, ಹತ್ತಿರದ ಅಂಗಡಿಯಲ್ಲಿ ಮುಗೀತದೆ. ಮೈದಾದ ತುಕ್ಡಿ, ಕಿಡಿಯೊ, ಬಿಳಿ ಸಕ್ಕರೆಯ ಪಾಕ, ಇದು ಕೈಯಲ್ಲಿ ದುಡ್ಡು ಓಡಾಡಲಿಕ್ಕೆ ಶುರುವಾದ ಮೇಲೆ ಹೆಚ್ಚಾದದ್ದು ಅಂತ ನನ್ನ ಲೆಕ್ಕ. ಕೇಕು ಎಲ್ಲಕ್ಕಿಂತ ಕಡೆಯದ್ದು.

ಕೇಕಿನ ಕಥೆ ಹೇಳದಿದ್ರೆ ಆಗ್ಲಿಕ್ಕಿಲ್ಲ. ಇದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಹೋದ್ರೆ ತಲಶ್ಶೇರಿ. ಆಗ ಅದೂ ನಾವೂ ಒಂದೇ ಮದ್ರಾಸ್ ಪ್ರೆಸಿಡೆನ್ಸಿ. ಅಲ್ಲಿ ಮಾಂಬಳ್ಳಿ ಬಾಪು ಅಂತ ಒಬ್ಬರು ಬರ್ಮಾದಲ್ಲಿ ಬಿಸ್ಕತ್ತು ಮಾಡ್ಲಿಕ್ಕೆ ಕಲಿತು ಬಂದು, 1880ರಲ್ಲಿ ಬೇಕರಿ ಹಾಕಿದ್ರು. 1883ರಲ್ಲಿ ಮರ್ಡಕ್ ಬ್ರೌನ್ ಅನ್ನುವ ದಾಲ್ಚಿನ್ನಿ ತೋಟದ ಇಂಗ್ಲಿಷ್ ದೊರೆ ಇಂಗ್ಲೆಂಡಿನಿಂದ ಬಂದ ಕೇಕನ್ನು ತಂದು ತೋರಿಸಿ, ಹೀಗೆಯೇ ಮಾಡು ಅಂದನಂತೆ. ವಿಲಾಯಿತಿ ಬ್ರಾಂಡಿಯ ಬದಲು ಬಾಪು ಇಲ್ಲಿನ ಗೇರುಹಣ್ಣು, ಬಾಳೆಹಣ್ಣಿನ ಸಾರಾಯಿ ಹಾಕಿ ಮಾಡಿದ್ರಂತೆ. ಭಾರತದ ಮೊದಲ ಕ್ರಿಸ್ಮಸ್ ಕೇಕು ಅಂತ ಅದನ್ನೇ ಹೇಳುವುದು. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಎಲ್ಲಿ ಅಂತ ನಮ್ಮ ಮಕ್ಕಳು ಕೇಳ್ತಾ ಇದ್ರು. ಇಲ್ಲ. ಹಳೆ ಇಂಗ್ಲಿಷಿನವರು ಒಣದ್ರಾಕ್ಷಿಗೂ ಪ್ಲಮ್ ಅನ್ನುತ್ತಿದ್ದರು.

ಮನೆಯಲ್ಲಿ ಓವನ್ ಯಾರ ಹತ್ರ ಇತ್ತು? ತಳಕ್ಕೆ ಮರಳು ಹಾಕಿದ ದೊಡ್ಡ ಪಾತ್ರೆ, ಒಳಗೆ ಕೇಕಿನ ತಟ್ಟೆ, ಮುಚ್ಚಳದ ಮೇಲೆ ಕೆಂಡ. ಇಲ್ಲದಿದ್ರೆ ಹಿಟ್ಟು ಕಲಸಿ ಹತ್ತಿರದ ಬೇಕರಿಗೆ ಹೊತ್ತುಕೊಂಡು ಹೋಗುವುದು. ಅವರ ಬ್ರೆಡ್ಡಿನ ಕೆಲಸ ಮುಗಿದ ಮೇಲೆ ಗೂಡಿನ ಉಳಿದ ಶಾಖದಲ್ಲಿ ನಮ್ಮ ಕೇಕು. ಯಾರದ್ದು ಯಾವುದು ಅಂತ ಗೊತ್ತಾಗ್ಲಿಕ್ಕೆ ತಟ್ಟೆಯ ಮೇಲೆ ಹೆಸರಿನ ಚೀಟಿ. ದ್ರಾಕ್ಷಿ ನೆನೆಸಿಡುವುದು ನವೆಂಬರ್ ಕಡೆಯಲ್ಲೇ. ದುಬಾರಿ ಹಣ್ಣುಗಳ ಬದಲಿಗೆ ಹಸಿ ಪಪ್ಪಾಯಿ ತುಂಡು ಮಾಡಿ ಸಕ್ಕರೆ ಪಾಕದಲ್ಲಿ ಬೇಯಿಸಿ ಬಣ್ಣ ಹಾಕಿದ ಟೂಟಿ ಫ್ರೂಟಿ, ಕಿತ್ತಳೆ ಸಿಪ್ಪೆ. ಕಪ್ಪು ಬಣ್ಣಕ್ಕೆ ಸುಟ್ಟ ಸಕ್ಕರೆ. ಗೇರುಬೀಜದ ಕಾರ್ಖಾನೆಗಳು ಮಂಗಳೂರಿನಲ್ಲಿ 1920ರ ದಶಕದಿಂದ ಬಂದದ್ದು. ಅಲ್ಲಿ ಕೆಲಸಕ್ಕೆ ಹೋಗುವವರು ಹೆಚ್ಚಿನವರು ಹೆಂಗಸರೇ. ಇಡೀ ಬೀಜ ಪರದೇಶಕ್ಕೆ, ತುಂಡು ಬೀಜ ನಮ್ಮ ಕೇಕಿಗೆ! ಬಾಯಿಗೆ ಹೋದ ಮೇಲೆ ಇಡೀ ಯಾವುದು, ತುಂಡು ಯಾವುದು?

ಕಷ್ಟದ ಕ್ರಿಸ್ಮಸ್ಸು ಅಂದ್ರೆ ಯುದ್ಧದ ಕಾಲದ್ದು. 1942ರಲ್ಲಿ ಬರ್ಮಾ ಜಪಾನಿನವರ ಕೈಗೆ ಹೋಯ್ತು, ಅಲ್ಲಿಂದ ಬರುವ ಅಕ್ಕಿ ನಿಂತಿತು. ಆಮೇಲೆ ರೇಷನ್. ಸಕ್ಕರೆ ಅಳತೆಯಲ್ಲಿ. ಆ ವರ್ಷಗಳಲ್ಲಿ ಅಜ್ಜಿ ಮನೆಯಲ್ಲಿ ಸಕ್ಕರೆ ಪಾಕದ ತಿಂಡಿಯೇ ಇಲ್ಲ, ಎಲ್ಲ ಬೆಲ್ಲದ್ದು. ಇಂಗ್ಲೆಂಡಿನಲ್ಲಿಯೂ ಇದೇ ಅವಸ್ಥೆ. ಅಲ್ಲಿ 1940ರಲ್ಲಿ ಶುರುವಾದ ಸಕ್ಕರೆ ರೇಷನ್ 1953ರವರೆಗೆ ಇತ್ತು, ಹಬ್ಬದ ಸಿಹಿಗೆ ಕ್ಯಾರೆಟ್ ತುರಿದು ಹಾಕಿದರಂತೆ. ನಾವು ಸಣ್ಣವರಿರುವಾಗಲೂ ರೇಷನ್ ಕಾರ್ಡಿನ ಸಕ್ಕರೆಯೇ ಗತಿ. ಅಮ್ಮ ಆಗಸ್ಟ್ ತಿಂಗಳಿಂದ ಪ್ರತಿ ಸಲ ಎರಡು ಕುಡ್ತೆ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಚಹಾ ಸಪ್ಪೆ ಆಯ್ತು ಅಂತ ಅಪ್ಪ ಹೇಳಿದ್ರೆ "ಡಿಸೆಂಬರಿಗೆ ಸಿಹಿ ಆಗ್ತದೆ" ಅನ್ನುವುದು.

ಈಗ ಮಾಡಿಡುವ ಕ್ರಮ ಹೇಳ್ತೇನೆ, ಅದರಲ್ಲಿಯೇ ಬುದ್ಧಿ ಇರುವುದು. ಡಿಸೆಂಬರ್ ಎಂಟರ ಮಾತೆಯ ಹಬ್ಬ ಕಳೆದ ಮೇಲೆ ಬಾಣಲೆ ಇಡುವುದು. ಮೊದಲು ತುಕ್ಡಿ, ಚಕ್ಕುಲಿ. ನೀರಿನ ಅಂಶ ಪೂರಾ ಹೋಗುವಷ್ಟು ಸಣ್ಣ ಉರಿಯಲ್ಲಿ ಕರಿದ್ರೆ ಇವು ತಿಂಗಳು ನಿಲ್ತದೆ. ಆಮೇಲೆ ಕಿಡಿಯೊ. ಕೊಂಕಣಿಯಲ್ಲಿ ಕಿಡಿಯೊ ಅಂದ್ರೆ ಹುಳ. ಹಿಟ್ಟಿನ ಗುಂಡನ್ನು ಹೊಸ ಬಾಚಣಿಗೆಯ ಅಥವಾ ಫೋರ್ಕಿನ ಮೇಲೆ ಒತ್ತಿ ಸುರುಳಿ ಮಾಡುವುದು. ಇದಕ್ಕೆ ಮಕ್ಕಳು, ಮುದುಕರು, ಪೇಪರ್ ಓದ್ತಾ ಕೂತ ಗಂಡಸರು ಎಲ್ಲ ಬೇಕು. ಒಬ್ಬಳೇ ಕೂತ್ರೆ ಬೆನ್ನು ಹೋಗ್ತದೆ. ಕಿಡಿಯೊ, ಗುಳಿಯೊ ಎರಡಕ್ಕೂ ಕಡೆಗೆ ಸಕ್ಕರೆಯ ಗಟ್ಟಿ ಪಾಕ ಹೊದಿಸ್ತಾರೆ. ಅದು ಬಿಳಿಯಾಗಿ ಒಣಗಿ ಕೂತ್ರೆ ನಮ್ಮ ಕಡಲ ಗಾಳಿಯ ಪಸೆ ಅಷ್ಟು ಬೇಗ ಒಳಗೆ ಹೋಗುವುದಿಲ್ಲ. ಸಿಹಿಗೆ ಸಿಹಿಯೂ ಆಯ್ತು, ಹಾಳಾಗದ ಹಾಗೆ ಬಂದೋಬಸ್ತೂ ಆಯ್ತು.

ಕೊಕ್ಕಿಸಾಂ ಸ್ವಲ್ಪ ಕೋಪಿಷ್ಠೆ. ಅಕ್ಕಿಹಿಟ್ಟು, ಕಾಯಿಹಾಲು, ಮೊಟ್ಟೆಯ ನೀರು ಹಿಟ್ಟಿಗೆ ಹೂವಿನ ಅಚ್ಚನ್ನು ಅದ್ದಿ ಎಣ್ಣೆಗೆ ಹಿಡಿಯುವುದು. ಅಚ್ಚು ಮೊದಲೇ ಎಣ್ಣೆಯಲ್ಲಿ ಕಾದಿರಬೇಕು, ಮುಕ್ಕಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದ್ರೆ ಹಿಟ್ಟು ಮೇಲಿಂದ ಮುಚ್ಚಿಕೊಂಡು ಅಚ್ಚನ್ನು ಬಿಡುವುದೇ ಇಲ್ಲ. ಇದು ಬೇಗ ಒಡೀತದೆ, ಹಾಗಾಗಿ ಹಬ್ಬದ ಹತ್ತಿರಕ್ಕೆ. ನೆವ್ರಿ ಕಟ್ಟಕಡೆಗೆ, ಒಳಗೆ ಕಾಯಿ ಉಂಟಲ್ಲ. ಕಾಯಿತುರಿಯನ್ನು ಪಸೆ ಹೋಗುವವರೆಗೆ ಹುರಿಯದಿದ್ರೆ ನಾಲ್ಕೇ ದಿನಕ್ಕೆ ಕಮಟು ವಾಸನೆ.

ಊಟದ್ದೂ ಹಾಗೆಯೇ. ಬಫಾತ್ ಪುಡಿಯನ್ನು ಏಪ್ರಿಲ್ ಬಿಸಿಲಿನಲ್ಲಿ ಮೆಣಸು, ಕೊತ್ತಂಬರಿ ಒಣಗಿಸಿ ವರ್ಷಕ್ಕಾಗುವಷ್ಟು ಮಾಡಿ ಇಡ್ತೇವೆ. ಅಂದ್ರೆ ಕ್ರಿಸ್ಮಸ್ಸಿನ ಹಂದಿ ಪದಾರ್ಥದ ಕೆಲಸ ಏಪ್ರಿಲಿನಲ್ಲೇ ಅರ್ಧ ಮುಗಿದ ಹಾಗೆ. ವಿನೆಗರ್ ಹಾಕಿದ ಸೊರ್ಪೊತೆಲ್ ಎರಡು ಮೂರು ದಿನ ಹಳತಾದ್ರೇ ರುಚಿ. ಹಬ್ಬದ ಬೆಳಿಗ್ಗೆ ಸನ್ನ ಹಬೆಗೆ ಇಟ್ರೆ ಮುಗೀತು. ಮಧ್ಯರಾತ್ರಿಯ ಪೂಜೆಗೆ ಹೋಗಿ ಬಂದ ಹೆಂಗಸಿಗೆ ನಾಲ್ಕು ಗಂಟೆಯಾದರೂ ಮಲಗ್ಲಿಕ್ಕೆ ಸಿಗಬೇಕಾದ್ರೆ ಬೇರೆ ದಾರಿ ಎಲ್ಲುಂಟು?

ಆದ್ರೆ ನಿಜವಾಗಿ ಭಾರ ಇದ್ದದ್ದು ಮನೆಯವರು ತಿನ್ನುವುದಕ್ಕಲ್ಲ, ತಟ್ಟೆ ಹಂಚುವುದಕ್ಕೆ. ಅಮ್ಮನ ಪುಸ್ತಕದಲ್ಲಿ 22 ಮನೆಗಳ ಪಟ್ಟಿ ಇತ್ತು. ಹಿಂದೂ, ಬ್ಯಾರಿ, ಕ್ರಿಶ್ಚಿಯನ್ ಎಲ್ಲರೂ. ಮನೆಗೆ ನಾಲ್ಕರ ಹಾಗೆ 88 ನೆವ್ರಿ ಹಂಚಲಿಕ್ಕೇ ಬೇಕು. ದೀಪಾವಳಿಗೆ, ಪೆರ್ನಾಲಿಗೆ ಅವರು ಕೊಟ್ಟಿರ್ತಾರೆ, ನಾವು ಕೊಡದೆ ಇರ್ಲಿಕ್ಕೆ ಆಗ್ತದಾ? ಇಲ್ಲದವರಿಗೆ ಇದು ಸಣ್ಣ ಸಂಕಟ ಅಲ್ಲ. ಅದಕ್ಕೊಂದು ಉಪಾಯ ಇತ್ತು, ನನಗೆ ಈ ಇಡೀ ಚರಿತ್ರೆಯಲ್ಲಿ ಅತೀ ಇಷ್ಟದ್ದು ಅದೇ. ಮೈದಾ, ಎಣ್ಣೆ ತರ್ಲಿಕ್ಕೆ ಆಗದ ಮನೆಯ ಹೆಂಗಸರು ನಮ್ಮಲ್ಲಿ ಎರಡು ದಿನ ಲಟ್ಟಿಸಲಿಕ್ಕೆ ಕೂರುತ್ತಿದ್ದರು. ಹೋಗುವಾಗ ಅವರ ಪಾಲು ಡಬ್ಬಿ ತುಂಬ. ಕೂಲಿ ಅಂತ ಯಾರೂ ಹೇಳ್ಲಿಕ್ಕಿಲ್ಲ, ದಾನ ಅಂತಲೂ ಹೇಳ್ಲಿಕ್ಕಿಲ್ಲ. ಅವರ ಮನೆಯಿಂದಲೂ ತಟ್ಟೆ ಹೊರಡುತ್ತಿತ್ತು. ಸಾವಾದ ಮನೆಯವರು ಆ ವರ್ಷ ಬಾಣಲೆ ಇಡುವುದಿಲ್ಲ, ಅವರಿಗೆ ಎಲ್ಲರೂ ಜಾಸ್ತಿ ಕಳಿಸುವುದು.

1974ರ ಭೂಸುಧಾರಣೆಯಲ್ಲಿ ಉಳುವವನಿಗೇ ಭೂಮಿ ಆಯ್ತು. ಅಜ್ಜಿ ಮನೆಯ ಮುಡಿ ಹೊರುವುದು ನಿಂತಿತು. ಅದೇ ಕಾಲಕ್ಕೆ ಗಂಡುಮಕ್ಕಳು ಬೊಂಬಾಯಿಯಿಂದ ಆಚೆ ಗಲ್ಫಿಗೆ ಹೋದರು, ಬಾದಾಮಿ ಪಿಸ್ತಾ ತಂದರು. ತಟ್ಟೆ ಶ್ರೀಮಂತ ಆಯ್ತು, ಆದ್ರೆ ಕೂತು ಕಿಡಿಯೊ ಒತ್ತುವ ಕೈ ಕಡಿಮೆ ಆಯ್ತು. ಮೊದಲು ಹತ್ತು ಜನ ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬಳು ಸೊಸೆ ಆಫೀಸಿನಿಂದ ಬಂದು ರಾತ್ರಿ ಮಾಡಬೇಕು ಅಂತ ಅತ್ತೆಯಂದಿರು ನಿರೀಕ್ಷೆ ಮಾಡಿದ್ರೆ ನನಗೆ ಸಿಟ್ಟು ಬರ್ತದೆ. ಡಿಸೆಂಬರಿನಲ್ಲಿ ಎಲ್ಲ ಬೇಕರಿಯಲ್ಲಿ ಕುಸ್ವಾರು ಬಾಕ್ಸ್ ಸಿಗ್ತದೆ, ಮನೆಯಲ್ಲೇ ಮಾಡಿ ಮಾರುವ ಹೆಂಗಸರೂ ಇದ್ದಾರೆ. ಅವರಿಗೆ ಅದು ಮಕ್ಕಳ ಫೀಸಿನ ದುಡ್ಡು. ತೆಗೆದುಕೊಂಡ್ರೆ ಎಂತ ಹೋಯ್ತು?

ನಾವು ಈಗ ಮೂರು ವರ್ಷದಿಂದ ಐದು ಮನೆಯವರು ಪಾಲು ಮಾಡಿಕೊಂಡಿದ್ದೇವೆ. ಒಬ್ಬರದ್ದು ನೆವ್ರಿ, ಒಬ್ಬರದ್ದು ಕೊಕ್ಕಿಸಾಂ, ಚಕ್ಕುಲಿ ತುಕ್ಡಿ ಮೂರನೆಯವರದ್ದು, ಕಿಡಿಯೊ ನಮ್ಮದು. ಪ್ರತಿಯೊಬ್ಬರೂ ಐದು ಮನೆಗಾಗುವಷ್ಟು ತಮ್ಮ ಪಾಲಿನದ್ದು ಮಾತ್ರ ಮಾಡುವುದು. ಎಣ್ಣೆ ಒಂದು ಸಲ ಕಾಯಿಸಿದ್ರೆ ಸಾಕು, ಗ್ಯಾಸೂ ಉಳೀತದೆ. ಎಣ್ಣೆ, ಸಕ್ಕರೆಯ ಖರ್ಚು ಬರೆದಿಟ್ಟು ಕಡೆಗೆ ಸಮ ಮಾಡ್ತೇವೆ. ನಾಲ್ಕನೇ ಮನೆಯ ಬಾಯಿ ಗೇರುಬೀಜದ ಕಾರ್ಖಾನೆಗೆ ಹೋಗುವವರು, ಅವರಿಗೆ ಸಿಗುವುದು ಭಾನುವಾರ ಮಾತ್ರ. ಹಾಗಾಗಿ ಒಂದೇ ದಿನದಲ್ಲಿ ಮುಗಿಯುವ ಗುಳಿಯೊ ಅವರಿಗೆ. 23ಕ್ಕೆ ಸಂಜೆ ಡಬ್ಬಿ ಅದಲು ಬದಲು. ಈ ಸಲ ಪಟ್ಟಿಯಲ್ಲಿ 17 ಮನೆ ಉಂಟು, ಹೊಸ ಬಾಚಣಿಗೆ ಎರಡು ತರಬೇಕು.