ಹನ್ನೊಂದನೇ ವಯಸ್ಸಿನ ಬಾಗಿಲು

ಕಳೆದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಕೆಂಟ್‌ನಿಂದ ಗೆಳೆಯನ ಫೋನ್ ಬಂತು. ಧಾರವಾಡದಲ್ಲಿ ಒಟ್ಟಿಗೆ ಓದಿದವರು ನಾವು. ಅವನು ಆ ಕಡೆ ಹೋದ, ನಾನು ಪುಣೆ ಸೇರಿದೆ. ಅವನ ಮಗಳು ಗ್ರಾಮರ್ ಸ್ಕೂಲಿನ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ. "ಹತ್ತು ವರ್ಷದ ಹುಡುಗಿ, ಆಗಲೇ ನಾ ದಡ್ಡಿ ಅಂತ ಅಳಾಕತ್ತಾಳಲೇ" ಅಂದ. ಸಮಾಧಾನದ ಮಾತು ನನಗೆ ತೋಚಲಿಲ್ಲ. ಫೋನಿಟ್ಟ ಮೇಲೆ ಈ ಪರೀಕ್ಷೆಯ ಚರಿತ್ರೆ ಓದುತ್ತ ಕೂತೆ.

ಇಂಗ್ಲೆಂಡಿನಲ್ಲಿ ಬಡವರ ಮಕ್ಕಳ ಓದು ಬಹುಕಾಲ ಚರ್ಚು ಮತ್ತು ದಾನಿಗಳ ಕೈಯಲ್ಲಿತ್ತು. 1870ರ ಕಾಯ್ದೆ ಬಂದ ಮೇಲೆ, ಶಾಲೆ ಸಾಲದ ಕಡೆ ಚುನಾಯಿತ ಸ್ಕೂಲ್ ಬೋರ್ಡುಗಳು ಶಾಲೆ ಕಟ್ಟಿದವು. 1880ರಲ್ಲಿ ಹಾಜರಾತಿ ಕಡ್ಡಾಯವಾಯಿತು. ಆದರೆ ಕೂಲಿಯವನ ಮಗುವಿಗೆ ಓದು ಅಲ್ಲಿಗೇ ಮುಗಿಯುತ್ತಿತ್ತು. ಹೈಸ್ಕೂಲು ಫೀಸು ಕಟ್ಟಬಲ್ಲವರಿಗೆ ಮತ್ತು ಸ್ಕಾಲರ್‌ಶಿಪ್ ಸಿಕ್ಕ ಕೆಲವರಿಗೆ ಮಾತ್ರ.

1944ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಮಂತ್ರಿ ಆರ್. ಎ. ಬಟ್ಲರ್ ತಂದ ಕಾಯ್ದೆ ಎಲ್ಲರಿಗೂ ಉಚಿತ ಪ್ರೌಢ ಶಿಕ್ಷಣ ಕೊಟ್ಟಿತು. ದೊಡ್ಡ ಹೆಜ್ಜೆಯೇ. ಆದರೆ ಜಾರಿಗೆ ತರುವಾಗ ಶಾಲೆಗಳು ಮೂರು ಬಗೆಯಾದವು: ಓದಿನಲ್ಲಿ ಮುಂದಿರುವವರಿಗೆ ಗ್ರಾಮರ್, ಕೈಕಸುಬಿನತ್ತ ಒಲವಿದ್ದವರಿಗೆ ಟೆಕ್ನಿಕಲ್, ಉಳಿದವರಿಗೆ ಸೆಕೆಂಡರಿ ಮಾಡರ್ನ್. ಟೆಕ್ನಿಕಲ್ ಶಾಲೆಗಳು ಹೆಚ್ಚು ಕಡೆ ಹುಟ್ಟಲೇ ಇಲ್ಲ. ಹಾಗಾಗಿ ಉಳಿದದ್ದು ಪಾಸು, ಫೇಲು ಎರಡೇ. ಅದನ್ನು ತೀರ್ಮಾನಿಸಿದ್ದು 'ಇಲೆವೆನ್ ಪ್ಲಸ್' ಪರೀಕ್ಷೆ: ಲೆಕ್ಕ, ಇಂಗ್ಲಿಷು, ತರ್ಕ.

ಬುದ್ಧಿ ಹುಟ್ಟಿನಿಂದ ಬರುತ್ತದೆ, ಅದನ್ನು ಅಳೆಯಬಹುದು ಎಂಬ ನಂಬಿಕೆ ಇದರ ಹಿಂದಿತ್ತು. ಅದನ್ನು ಬೆಳೆಸಿದ ಮನಶ್ಶಾಸ್ತ್ರಜ್ಞರಲ್ಲಿ ಸಿರಿಲ್ ಬರ್ಟ್ ಪ್ರಮುಖರು. 1971ರಲ್ಲಿ ಅವರು ತೀರಿಕೊಂಡ ಮೇಲೆ, ಅವಳಿ ಮಕ್ಕಳ ಬಗ್ಗೆ ಅವರು ಕೊಟ್ಟ ಅಂಕಿಅಂಶಗಳೇ ಅನುಮಾನಕ್ಕೆ ಒಳಗಾದವು. ನಿಜದಲ್ಲಿ ಫಲಿತಾಂಶ ನಿರ್ಧರಿಸುತ್ತಿದ್ದದ್ದು ಬಹುಮಟ್ಟಿಗೆ ಸೀಟುಗಳ ಲೆಕ್ಕ. ಒಂದು ಜಿಲ್ಲೆಯಲ್ಲಿ ಪಾಸಾಗುವ ಅಂಕ ಪಕ್ಕದ ಜಿಲ್ಲೆಯಲ್ಲಿ ಫೇಲು. ಕೆಲವು ಕಡೆ ಹುಡುಗಿಯರು ಹುಡುಗರಿಗಿಂತ ಹೆಚ್ಚು ಅಂಕ ತೆಗೆಯಬೇಕಿತ್ತು. ಮೇಲಿನ ರೇಟಿಂಗಿಗೆ ಇಷ್ಟೇ ಜನ ಎಂದು ಕೋಟಾ ಬಂದಾಗ ನಾನು ಟೀಮಿನ ಪಟ್ಟಿ ಮಾಡುವುದೂ ಹೀಗೆಯೇ.

ಆಗಿನ ಪೆಟ್ಟು ಒಂದು ಶಾಲೆಗೆ ನಿಲ್ಲುತ್ತಿರಲಿಲ್ಲ. 1951ರಲ್ಲಿ ಬಂದ ಓ ಲೆವೆಲ್, ಎ ಲೆವೆಲ್ ಪರೀಕ್ಷೆಗಳು ಗ್ರಾಮರ್ ಮಕ್ಕಳನ್ನು ನೆನೆದು ಮಾಡಿದವು. ಸೆಕೆಂಡರಿ ಮಾಡರ್ನ್ ಮಕ್ಕಳಲ್ಲಿ ಬಹಳಷ್ಟು ಮಂದಿ 15ಕ್ಕೆ ಸರ್ಟಿಫಿಕೇಟ್ ಇಲ್ಲದೆ ಕೆಲಸಕ್ಕೆ ಹೋದರು. ಅಂದರೆ ಯೂನಿವರ್ಸಿಟಿಯ ಬಾಗಿಲು ಹನ್ನೊಂದಕ್ಕೇ ಮುಚ್ಚುತ್ತಿತ್ತು.

1965ರಲ್ಲಿ ಲೇಬರ್ ಪಕ್ಷದ ಮಂತ್ರಿ ಆಂಥನಿ ಕ್ರಾಸ್‌ಲ್ಯಾಂಡ್, ಎಲ್ಲ ಮಕ್ಕಳೂ ಒಟ್ಟಿಗೆ ಓದುವ ಕಾಂಪ್ರಹೆನ್ಸಿವ್ ಶಾಲೆಗಳತ್ತ ಹೊರಳಿ ಎಂದು ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡರು. ವಿಚಿತ್ರವೆಂದರೆ, ಹಾಗೆ ಬದಲಾಗಲು ಬಹಳಷ್ಟು ಶಾಲೆಗಳಿಗೆ ಒಪ್ಪಿಗೆ ಕೊಟ್ಟದ್ದು ಮುಂದೆ ಶಿಕ್ಷಣ ಮಂತ್ರಿಯಾದ ಮಾರ್ಗರೆಟ್ ಥ್ಯಾಚರ್! 1969ರಲ್ಲಿ ಹುಟ್ಟಿದ ಓಪನ್ ಯೂನಿವರ್ಸಿಟಿ, ಹಿಂದಿನ ಅಂಕಪಟ್ಟಿ ಕೇಳದೆ ದೊಡ್ಡವರನ್ನೂ ಸೇರಿಸಿಕೊಂಡಿತು. 1992ರಲ್ಲಿ ಪಾಲಿಟೆಕ್ನಿಕ್‌ಗಳೂ ಯೂನಿವರ್ಸಿಟಿಗಳಾದವು.

ಇಂದು ಇಂಗ್ಲೆಂಡಿನ ಹೆಚ್ಚಿನ ಮಕ್ಕಳು ಪರೀಕ್ಷೆಯಿಲ್ಲದೆ ಪ್ರೈಮರಿಯಿಂದ ಸೆಕೆಂಡರಿಗೆ ಹೋಗುತ್ತಾರೆ. 16ಕ್ಕೆ ಜಿಸಿಎಸ್‌ಇ, 18ಕ್ಕೆ ಸಾಮಾನ್ಯವಾಗಿ ಮೂರು ವಿಷಯಗಳ ಎ ಲೆವೆಲ್, ಆಮೇಲೆ ಮೂರು ವರ್ಷದ ಡಿಗ್ರಿ. ಸ್ಕಾಟ್‌ಲೆಂಡಿನ ಪದ್ಧತಿಯೇ ಬೇರೆ. ಇಂಗ್ಲೆಂಡಿನಲ್ಲಿ ಉಳಿದಿರುವುದು 163 ಗ್ರಾಮರ್ ಶಾಲೆಗಳು, ಅವುಗಳಲ್ಲಿ ಹಲವು ಕೆಂಟ್‌ನಲ್ಲಿ.

ಐದನೇ ಕ್ಲಾಸಿನಲ್ಲಿ ನಾನೂ ಒಂದು ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆದು ಫೇಲಾಗಿದ್ದೆ. ಪಟ್ಟಿ ನೋಡಿ ಬಂದ ಅಪ್ಪ ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಮುಂದೆ ನಾನು ಎಂಟೆಕ್ ಮಾಡಿದ್ದು ಛಲದಿಂದ ಎಂದು ಬಹಳ ಕಾಲ ನಂಬಿದ್ದೆ. ಈಗ ಅನ್ನಿಸುತ್ತದೆ, ಊರ ಹೈಸ್ಕೂಲಿನಿಂದಲೂ ಪಿಯುಸಿಗೆ, ಸಿಇಟಿಗೆ ದಾರಿ ಇತ್ತು, ಅದಕ್ಕೇ ದಾಟಿದೆ. 1950ರ ಇಂಗ್ಲೆಂಡಿನಲ್ಲಿ ಅಷ್ಟೇ ಛಲದ ಎಷ್ಟೋ ಮಕ್ಕಳಿಗೆ ಆ ದಾರಿಯೇ ಇರಲಿಲ್ಲ.

ಭಾನುವಾರ ಗೆಳೆಯನಿಗೆ ಮತ್ತೆ ಫೋನ್ ಮಾಡಿದೆ. ಮಗಳಿಗೆ ಕೊಡು ಅಂದೆ. ಅವಳಿಗೆ ಈ ಚರಿತ್ರೆಯನ್ನೇನೂ ಹೇಳಲಿಲ್ಲ, ಆ ಬಸ್ಸಿನ ಕಥೆ ಹೇಳಿದೆ. "ಅಂಕಲ್, ನೀವೂ ಫೇಲಾ?" ಎಂದು ಕೇಳಿ ನಕ್ಕಳು.